ಊರುಗೋಲಿನ ಹಿಡಿಗೆ ಹಾಕಿದ ಬೆಸುಗೆ

ನಮ್ಮ ಕಡೆ ಅಲ್ಯೂಮಿನಿಯಂಗೆ ಜರ್ಮನ್ ಎನ್ನುತ್ತಾರೆ. ಜರ್ಮನ್ ಡಬರಿ, ಜರ್ಮನ್ ತಾಟು, ಜರ್ಮನ್ ತಂಬಿಗೆ. ಮದುವೆಯಾಗಿ ಹುಮನಾಬಾದಿಗೆ ಬಂದ ಹೊಸದರಲ್ಲಿ ಯಾಕೆ ಹಾಗೆನ್ನುತ್ತೀರಿ ಎಂದು ಅತ್ತೆಯವರನ್ನು ಕೇಳಿದ್ದೆ. "ಜರ್ಮನ್‌ಕ ಜರ್ಮನ್ ಅನ್ನದ ಮತ್ತೇನಂತಾರವ್ವಾ?" ಎಂದು ಅವರು ನನ್ನನ್ನೇ ಕೇಳಿದರು. ಕಾನ್ವೆಂಟಿನಲ್ಲಿ ಕಲಿತ ಹೆಸರು ನನ್ನ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಆ ಮನೆಯಲ್ಲಿ ನಾನು ನುಂಗಿಕೊಂಡ ಮೊದಲ ಮಾತು ಅದೇ ಇರಬೇಕು.

ಓಣಿಗೆ ಕಲಾಯಿಯವನು ಬರುತ್ತಿದ್ದ. ಬೇವಿನ ಗಿಡದ ಕೆಳಗೆ ತಿದಿ ಹೂಡಿ, ತಾಮ್ರ ಹಿತ್ತಾಳೆಯ ಪಾತ್ರೆಗಳನ್ನು ಬೆಳ್ಳಿಯ ಹಾಗೆ ಮಾಡಿ ಕೊಡುತ್ತಿದ್ದ. ಯಾರಾದರೂ ತೂತು ಬಿದ್ದ ಜರ್ಮನ್ ಡಬರಿ ತಂದರೆ ಎರಡೂ ಕೈ ಮೇಲೆತ್ತಿಬಿಡುವನು. "ಅದನ್ನ ತರಬ್ಯಾಡ್ರಿ ಅಮ್ಮಾ. ಅದರ ಜಾತಿನೇ ಬ್ಯಾರೆ. ಯಾರ ಜೋಡೀನೂ ಕೂಡಂಗಿಲ್ಲ." ಹಾಗಾಗಿ ನಮ್ಮ ಓಣಿಯಲ್ಲಿ ತೂತು ಬಿದ್ದ ಜರ್ಮನ್ ಡಬರಿಗಳಲ್ಲೆಲ್ಲ ಮಲ್ಲಿಗೆ ಬಳ್ಳಿಗಳಿದ್ದವು.

ನನ್ನ ನಾದಿನಿಯ ಊರುಗೋಲಿನ ಹಿಡಿಯೂ ಜರ್ಮನ್‌ದೇ.

ನಾದಿನಿ ಎಂದರೆ ನನ್ನ ಗಂಡನ ಒಬ್ಬಳೇ ತಂಗಿ. ನಾಲ್ಕು ವರ್ಷದವಳಿದ್ದಾಗ ಪೋಲಿಯೋ ಬಂದು ಎಡಗಾಲು ಸೊರಗಿತ್ತು. ಆ ಕಾಲಿಗೆ ಕಬ್ಬಿಣದ ಪಟ್ಟಿಗಳಿದ್ದ ಬೂಟು, ಬಲಗೈಗೆ ಊರುಗೋಲು. ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ಅಳತೆ ಕೊಟ್ಟು ಮಾಡಿಸಿದ್ದು. ಮೊಳಕೈಯ ಕೆಳಗೆ ಬಳೆಯಂಥ ಒಂದು ಪಟ್ಟಿ, ಕೆಳಗೆ ಉದ್ದನೆಯ ಕೊಳವೆ, ನಡುವೆ ಮುಷ್ಟಿಯಲ್ಲಿ ಹಿಡಿಯುವ ಹಿಡಿ. ಹಿಡಿ ಕೊಳವೆಗೆ ಕೂಡುವ ಕಡೆ ಎರಕ ಹೊಯ್ದ ಒಂದು ತುಂಡಿತ್ತು. ಅದಕ್ಕೆ ಎರಡು ಕಿವಿ; ಕಿವಿಗಳ ನಡುವೆ ಹಿಡಿ ಕೂತಿರುತ್ತಿತ್ತು. ಅವಳು ನಡೆಯುವಾಗ ಮೈಭಾರವೆಲ್ಲ ಆ ಎರಡು ಕಿವಿಗಳ ಮೇಲೆ. ಅತ್ತಿಗೆಯಾದ ನನಗೆ ಅವಳು 'ವೈನಿ' ಎನ್ನುತ್ತಿದ್ದಳು, ಊರುಗೋಲಿಗೆ 'ನನ್ನ ಗಂಡ'. "ನನ್ನ ಗಂಡನ್ನ ಇತ್ತಾಗ ಕೊಡ್ರಿ ವೈನಿ, ಮೂಲ್ಯಾಗ ನಿಂತು ನಿಂತು ಬ್ಯಾಸರಾಗ್ಯಾನ." ಅತ್ತೆಯವರಿಗೆ ಆ ಚೇಷ್ಟೆ ಸೇರುತ್ತಿರಲಿಲ್ಲ. ಮುಖ ಆಚೆ ತಿರುಗಿಸುತ್ತಿದ್ದರು.

ಎಪ್ಪತ್ತರ ದಶಕದ ಕೊನೆಗೆ ಅವಳಿಗೆ ನೌಕರಿಯ ಆರ್ಡರ್ ಬಂತು. ದುಬಲಗುಂಡಿಯ ಪ್ರಾಥಮಿಕ ಶಾಲೆಯಲ್ಲಿ ಹಂಗಾಮಿ ಶಿಕ್ಷಕಿ. ಹದಿನೈದು ದಿನಗಳೊಳಗೆ ಹೋಗಿ ಹಾಜರಾಗಬೇಕು. ಪಡಸಾಲೆಯಲ್ಲಿ ಕೂತು ಲಕೋಟೆ ಒಡೆದವಳು ಒಮ್ಮೆಲೆ ಎದ್ದುಬಿಟ್ಟಳು. ಗೋಡೆಗೆ ಆನಿಸಿದ್ದ ಊರುಗೋಲು ಜಾರಿ ಹೊಸ್ತಿಲ ಕಲ್ಲಿನ ಮೇಲೆ ಬಿತ್ತು. ಬಿದ್ದ ಸದ್ದು ನನಗೆ ಇನ್ನೂ ನೆನಪಿದೆ. ಲೋಹದ ಸದ್ದಿನ ಹಾಗಿರಲಿಲ್ಲ. ಗಟ್ಟಿ ರೊಟ್ಟಿ ಮುರಿದ ಹಾಗೆ, ಸಣ್ಣಗೆ. ಎತ್ತಿ ನೋಡಿದರೆ ಒಂದು ಕಿವಿಯ ಬುಡದಲ್ಲಿ ಕೂದಲೆಳೆಯಂಥ ಬಿರುಕು. ಹಿಡಿಯನ್ನು ಒತ್ತಿದರೆ ಬಿರುಕು ಬಾಯಿ ತೆರೆಯುತ್ತಿತ್ತು, ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು.

"ನೌಕರಿ ಬಂದ ದಿನಾನೇ ಗಂಡನ ಕುತಿಗಿ ಮುರೀತು ನೋಡ್ರಿ ವೈನಿ," ಎಂದು ನಕ್ಕಳು. ಕಾಗದವನ್ನು ಮಡಿಚಿ ಮತ್ತೆ ಲಕೋಟೆಗೆ ತುರುಕಿದಳು.

ಹೈದರಾಬಾದಿಗೆ ಹೋಗಿಬರುವವರ ಕೈಯಲ್ಲಿ ಕೇಳಿಸಿದೆವು. ಹೊಸದಾಗಿ ಅಳತೆ ಕೊಡಬೇಕು, ಮಾಡಿ ಕೊಡಲು ಮೂರು ನಾಲ್ಕು ತಿಂಗಳು ಬೇಕು ಎಂಬ ಉತ್ತರ ಬಂತು. ಕಟ್ಟಿಗೆಯ ಬಡಿಗೆ ಊರಿಕೊಂಡು ಅಂಗಳದಲ್ಲಿ ನಡೆದು ನೋಡಿದಳು. ನೀರಿನ ಹಂಡೆಯ ತನಕ ಹೋಗುವುದರಲ್ಲಿ ಎರಡು ಸಲ ಮುಗ್ಗರಿಸಿದಳು. ಅತ್ತೆಯವರು ಜೋಳ ಕೇರುತ್ತ ನೋಡುತ್ತಿದ್ದವರು ಮೊರ ಕೆಳಗಿಟ್ಟರು. "ಹದಿನೈದು ದಿನದಾಗ ಆ ಜರ್ಮನ್ ಕೂಡಿತು ಅಂದ್ರ ಹೋಗವ್ವಾ. ಕೂಡಲಿಲ್ಲ ಅಂದ್ರ ಶಿವನ ಮನಸ್ಸಿಲ್ಲ ಅಂತ ತಿಳ್ಕೋ. ಬಡಗಿ ಹಿಡಕೊಂಡು ನನ್ನ ಮಗಳ್ನ ನಾ ಬಸ್ಸು ಹತ್ತಸಂಗಿಲ್ಲ."

ಅದು ಬೆದರಿಕೆಯ ಮಾತಲ್ಲ. ಹೆದರಿದ ತಾಯಿಯ ಮಾತು. ಆದರೆ ಆ ಮನೆಯಲ್ಲಿ ಅವರು ಒಮ್ಮೆ ಆಡಿದ ಮಾತು ಗೋಡೆಯ ಕಲ್ಲಿನ ಹಾಗೆ ಕೂತುಬಿಡುತ್ತಿತ್ತು.

ಆ ವಾರವೇ ನಾನೂ ನನ್ನ ಗಂಡನೂ ಬಸವಕಲ್ಯಾಣಕ್ಕೆ ಹೋಗಿ ಬಂದೆವು. ಅದು ನನ್ನ ತವರು. ತಂದೆಯವರಿಗೆ ಮೈಯಲ್ಲಿ ನೆಟ್ಟಗಿರಲಿಲ್ಲ. ಬರುವಾಗ ತಾಯಿ ಎಂದಿನಂತೆ ಅತ್ತೆಯವರಿಗೆಂದು ವಿಭೂತಿ ಉಂಡೆಗಳನ್ನು ಬಾಳೆಎಲೆಯಲ್ಲಿ ಸುತ್ತಿ ಚೀಲದಲ್ಲಿಟ್ಟರು. ಕಲ್ಯಾಣದ ವಿಭೂತಿ ಎಂದರೆ ಅತ್ತೆಯವರಿಗೆ ಪ್ರಾಣ. "ಹಿಟ್ಟಿನಂಗ ನುಣ್ಣಗ, ಹಾಲಿನಂಗ ಬೆಳ್ಳಗ" ಎಂದು ಬಂದವರಿಗೆಲ್ಲ ತೋರಿಸುವರು. ನನ್ನ ತವರಿನಿಂದ ಬಂದ ವಸ್ತುಗಳಲ್ಲಿ ಅವರು ಎಂದೂ ಕೊಂಕು ತೆಗೆಯದ ವಸ್ತು ಅದೊಂದೇ.

ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಗೇಟಿನ ಹತ್ತಿರ ಜನ ಗುಂಪಾಗಿದ್ದರು. ಮಡಚುವ ಮೇಜಿನ ಹಿಂದೆ ತೆಳ್ಳಗಿನ ಒಬ್ಬ ಮಾರಾಟಗಾರ, ಮುಂದೆ ಹಿತ್ತಾಳೆಯ ಬ್ಲೋಲ್ಯಾಂಪ್ ಒಂದು ಭುಸುಗುಡುತ್ತಿತ್ತು. ಸ್ಟೋವಿಗೆ ಹೊಡೆದ ಹಾಗೆಯೇ ಅದಕ್ಕೂ ಪಂಪು ಹೊಡೆಯಬೇಕು. ಉರಿ ಮಾತ್ರ ಅಡ್ಡಕ್ಕೆ ಬರುತ್ತದೆ.

"ಬರ್ರಿ ಸಾಹೇಬ್, ಬರ್ರಿ ಬಾಯಿ! ಜರ್ಮನ್ ಕೂಡಂಗಿಲ್ಲಂತ ಯಾರಂದ್ರು? ಅತ್ತಿ-ಸೊಸಿ ಕೂಡಲಿಕ್ಕಿಲ್ಲ, ಅಣ್ಣ-ತಮ್ಮ ಕೂಡಲಿಕ್ಕಿಲ್ಲ, ನನ್ನ ಕಡ್ಡಿ ಜರ್ಮನ್ ಕೂಡಸ್ತದ!"

ಎಲ್ಲರೂ ನಕ್ಕರು. ಅವನು ಒಂದು ಜರ್ಮನ್ ಗ್ಲಾಸಿಗೆ ಮೊಳೆ ಹೊಡೆದು ತೂತು ಮಾಡಿದ. ಬ್ರಷ್ಷಿನಿಂದ ಉಜ್ಜಿದ. ಉರಿಗೆ ಹಿಡಿದ. ಬೂದು ಬಣ್ಣದ ಒಂದು ಕಡ್ಡಿಯನ್ನು ಮುಟ್ಟಿಸಿದ್ದೇ ತಡ, ಕಡ್ಡಿಯ ತುದಿ ಬೆಣ್ಣೆಯಾಗಿ ತೂತಿನೊಳಗೆ ಇಳಿಯಿತು. ಒಂದು ಗಳಿಗೆ ಬಿಟ್ಟು ನೀರು ಹಾಕಿ ಗ್ಲಾಸನ್ನು ಎತ್ತಿ ತೋರಿಸಿದ. ಒಂದು ಹನಿಯೂ ಸೋರಲಿಲ್ಲ.

ಮನ್ನಾಏಖೇಳ್ಳಿಯ ಬಸ್ಸಿಗೆ ಕಾದಿದ್ದ ರುಮಾಲಿನ ಮುದುಕನೊಬ್ಬ ಕೇಳಿದ: "ನಮ್ಮಕಿ ಬಾಯಿ ಮುಚ್ಚತದೇನಪಾ ಇದು?"

"ಅದಕ್ಕ ಕಡ್ಡಿ ಇನ್ನೂ ಹುಟ್ಟಿಲ್ರಿ ಗೌಡ್ರ!"

ಮತ್ತೆ ನಗೆ. ನನ್ನ ಗಂಡ ನಗಲಿಲ್ಲ. ಅವರು ಆ ಗ್ಲಾಸನ್ನು ಕೈಗೆ ತೆಗೆದುಕೊಂಡು, ಮುಚ್ಚಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ಅವರ ಕಣ್ಣಿನಲ್ಲಿ ಆಸೆ ಏಳುವುದನ್ನು ನಾನು ನೋಡಿದೆ. ನನಗೂ ಎದ್ದಿತು. ಐದು ಕಡ್ಡಿಗಳ ಒಂದು ಕಟ್ಟು ಕೊಂಡೆವು; ಜೊತೆಗೆ ಸಣ್ಣ ತಂತಿಬ್ರಷ್ಷು, ಮಾಡುವ ವಿಧಾನ ಬರೆದ ಒಂದು ಚೀಟಿ. ಅವನ್ನು ನಾನು ವಿಭೂತಿಯ ಚೀಲದಲ್ಲೇ ಇಟ್ಟುಕೊಂಡೆ. ಬೇರೆ ಜಾಗ ಇರಲಿಲ್ಲ.

ಚೀಟಿ ಇಂಗ್ಲಿಷಿನಲ್ಲಿತ್ತು. ನನ್ನ ಗಂಡ ಓದಿದ್ದು ಉರ್ದು ಶಾಲೆಯಲ್ಲಿ. ಏಕೀಕರಣವಾದ ಮೇಲೆ ಕಚೇರಿಯ ಕೆಲಸಕ್ಕಾಗಿ ಕನ್ನಡ ಬರೆಯುವುದನ್ನು ರೂಢಿ ಮಾಡಿಕೊಂಡವರು. ಇಂಗ್ಲಿಷ್ ಕಾಗದ ಏನೇ ಬಂದರೂ ನನ್ನ ಕಡೆ ಸರಿಸುತ್ತಿದ್ದರು. ಮನೆಯಲ್ಲಿ ನನ್ನ ಕಾನ್ವೆಂಟು ಕೆಲಸಕ್ಕೆ ಬರುತ್ತಿದ್ದುದು ಔಷಧಿಯ ಬಾಟಲಿಗೆ, ಟೆಲಿಗ್ರಾಮಿಗೆ, ಈಗ ಈ ಚೀಟಿಗೆ. ಅಂದು ಸಂಜೆ ಎಲ್ಲರೂ ಪಡಸಾಲೆಯಲ್ಲಿ ಕೂತರು. ನಾನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ.

ಕೂಡಿಸಬೇಕಾದ ಜಾಗವನ್ನು ಹೊಳೆಯುವ ತನಕ ಬ್ರಷ್ಷಿನಿಂದ ಉಜ್ಜಬೇಕು. ಉಜ್ಜಿದ ಮೇಲೆ ಬೆರಳಿನಿಂದ ಕೂಡ ಮುಟ್ಟಬಾರದು. ಎಣ್ಣೆ, ಧೂಳು, ಬೂದಿ ಏನಿದ್ದರೂ ಬೆಸುಗೆ ಹಿಡಿಯುವುದಿಲ್ಲ. ಕಡ್ಡಿಯನ್ನು ಉರಿಗೆ ಹಿಡಿಯಬಾರದು. ತುಂಡನ್ನು ಕಾಯಿಸಿ ಅದರ ಬಿಸಿಗೇ ಕಡ್ಡಿ ಕರಗಬೇಕು. ಕರಗಿದ ಮೇಲೆ ಉಕ್ಕಿನ ಮೊನೆಯಿಂದ ಅದರ ತಳ ಕೆದಕಬೇಕು, ಆಗ ಅದು ಕಚ್ಚಿಕೊಳ್ಳುತ್ತದೆ. ಕೊನೆಯ ಸಾಲಿಗೆ ಕೆಳಗೆರೆ ಎಳೆದಿದ್ದರು: ಈ ಲೋಹ ಕರಗುವ ಮೊದಲು ಕೆಂಪಾಗುವುದಿಲ್ಲ, ಎಚ್ಚರವಿರಲಿ.

"ಬೆರಳೂ ಮುಟ್ಟಸಬಾರದಂತ, ಅಷ್ಟು ಮಡಿ ಅದಕ್ಕ!" ಎಂದು ನಾದಿನಿ ನಕ್ಕಳು. ಅತ್ತೆಯವರು ದೇವರ ಜಗಲಿಯ ಮುಂದೆ ಬತ್ತಿ ಹೊಸೆಯುತ್ತಿದ್ದರು. ಕೇಳಿಸಿಕೊಂಡರೋ ಇಲ್ಲವೋ.

ಮೊದಲು ಹಳೆಯ ಮುಚ್ಚಳವೊಂದರ ಮೇಲೆ ಮಾಡಿ ನೋಡಿದೆವು. ಬ್ಲೋಲ್ಯಾಂಪನ್ನು ನನ್ನ ಗಂಡ ಪರಿಚಯದವರಿಂದ ಕೇಳಿ ತಂದಿದ್ದರು. ಒಂದು ಸಲ ಉರಿ ಜಾಸ್ತಿಯಾಯಿತು, ಒಂದು ಸಲ ಕಡ್ಡಿ ಉಂಡೆಯಾಗಿ ಉರುಳಿ ಹೋಯಿತು. ಮೂರನೆಯ ಸಲ ಕೂಡಿತು. ಅವರು ಮುಚ್ಚಳವನ್ನು ಕಲ್ಲಿಗೆ ಬಡಿದರು, ಬಗ್ಗಿಸಿದರು. ಮುಚ್ಚಳ ಬಗ್ಗಿತೇ ಹೊರತು ಬೆಸುಗೆ ಬಿಡಲಿಲ್ಲ. ನಾದಿನಿ ಚಪ್ಪಾಳೆ ತಟ್ಟಿದಳು. "ಎಂಜಿನಿಯರ್ ಸಾಹೇಬ್ರು ನಮ್ಮ ಅಣ್ಣ!" ಅತ್ತೆಯವರೂ ಬಂದು ನೋಡಿ, "ಕಲಾಯಿಯವಗ ತೋರಸ್ರಿ ಇದನ್ನ, ಹೊಟ್ಟಿ ಉರಕೊಂಡು ಸಾಯಲಿ," ಎಂದರು. ಆ ಮನೆಯಲ್ಲಿ ಅಷ್ಟು ಹಗುರವಾದ ಸಂಜೆಯನ್ನು ನಾನು ಬಹಳ ದಿನದಿಂದ ಕಂಡಿರಲಿಲ್ಲ.

ಮರುದಿನ ರವಿವಾರ. ಊಟಕ್ಕೆ ಮೊದಲು ಕೆಲಸ ಮುಗಿಸುವುದೆಂದಾಯಿತು. ಅಂಗಳದಲ್ಲಿ ಇಟ್ಟಿಗೆಗಳ ಮೇಲೆ ತಗಡು ಹಾಸಿ, ಊರುಗೋಲಿನಿಂದ ಬಿಚ್ಚಿದ ತುಂಡನ್ನು ಅದರ ಮೇಲಿಟ್ಟೆವು. ನನ್ನ ಗಂಡ ಅದನ್ನು ಅರ್ಧ ಗಂಟೆ ಉಜ್ಜಿದರು. ಬಿರುಕಿನ ಅಂಚು ಬೆಳ್ಳಿಯ ಕಾಲುಂಗುರದ ಹಾಗೆ ಹೊಳೆಯಿತು. ಆಮೇಲೆ ಅವರು ಬೆನ್ನು ತಿರುಗಿಸಿ ಬ್ಲೋಲ್ಯಾಂಪಿಗೆ ಪಂಪು ಹೊಡೆಯತೊಡಗಿದರು. ನಾನು ಚೀಟಿ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ನಾದಿನಿ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು.

ಅತ್ತೆಯವರು ಒಳಗಿಂದ ಬಂದರು. ಮಿಂದಿದ್ದರು, ಕೂದಲು ಇನ್ನೂ ಒದ್ದೆ. ಎಡಗೈಯ ಅಂಗೈಯಲ್ಲಿ ವಿಭೂತಿ ಉಂಡೆ, ಬಲಗೈಯ ಮೂರು ಬೆರಳು ನೀರಿನಲ್ಲಿ ನೆನೆದಿದ್ದವು.

ಆ ಮನೆಯ ಪದ್ಧತಿ ಹೇಳಬೇಕು. ಹೊಸ ಒಲೆಗೆ ಮೊದಲ ಬೆಂಕಿ ಹಾಕುವ ಮೊದಲು ವಿಭೂತಿ. ಬೀಸುಕಲ್ಲು ಕಟೆಸಿದರೆ ವಿಭೂತಿ. ಹೊಲಿಗೆ ಯಂತ್ರ ತಂದ ದಿನ ಅದರ ಹಣೆಗೂ ಮೂರು ಗೆರೆ ಎಳೆದಿದ್ದರು. ಮುಚ್ಚಳಕ್ಕೆ ಹಚ್ಚಿರಲಿಲ್ಲ, ಹಳೆಯ ಮುಚ್ಚಳಕ್ಕೆ ಯಾತಕ್ಕೆ? ಇದು ಹಾಗಲ್ಲ. ಇದು ಅವರ ಮಗಳ ಕಾಲು.

"ಶಿವಾ, ನೀನೇ ಕೂಡಸಪಾ," ಎಂದು ಬಗ್ಗಿದರು. ಮೂರು ಬೆರಳುಗಳನ್ನು ಬಿರುಕಿನ ಮೇಲೆ ಅಡ್ಡಲಾಗಿ, ನಿಧಾನಕ್ಕೆ, ನೇರಕ್ಕೆ ಎಳೆದರು. ಒದ್ದೆ ವಿಭೂತಿ ಬಿರುಕಿನೊಳಗೆ ಇಳಿಯಿತು. ಇಳಿಯುವುದನ್ನು ನಾನು ನೋಡಿದೆ. ಗೋಡೆಯ ಬಿರುಕಿಗೆ ಸುಣ್ಣ ಬಳಿದ ಹಾಗೆ, ಕಪ್ಪು ಗೆರೆ ಬಿಳಿ ಗೆರೆಯಾಯಿತು. ಕಲ್ಯಾಣದ ವಿಭೂತಿ. ನನ್ನ ತಾಯಿ ಕೊಟ್ಟದ್ದು.

ನನ್ನ ಕೈಯಲ್ಲಿ ಚೀಟಿ ಇತ್ತು. ಬೂದಿ ಎಂಬ ಶಬ್ದ ನನ್ನ ಹೆಬ್ಬೆರಳಿನ ಪಕ್ಕದಲ್ಲೇ ಇತ್ತು.

ಏನು ಹೇಳಬಹುದಿತ್ತು ಎಂದು ಎಷ್ಟೋ ವರ್ಷ ಯೋಚಿಸಿದ್ದೇನೆ. 'ಅತ್ತೀ, ಒರಸತೀನಿ' ಎನ್ನಬಹುದಿತ್ತು. ಹಚ್ಚಿದ ವಿಭೂತಿಯನ್ನು ಅವರ ಕಣ್ಣೆದುರೇ ಸೊಸೆ ಒರೆಸುವುದು! ಅದನ್ನು ಬೂದಿ ಎಂದು ಕರೆಯುವುದು! ಕಾನ್ವೆಂಟಿನ ಸಿಸ್ಟರ್ ನಮಗೆ ಗಟ್ಟಿಯಾಗಿ, ತಪ್ಪಿಲ್ಲದೆ ಓದುವುದನ್ನು ಕಲಿಸಿದ್ದರು. ಹಿರಿಯರು ಕೆಲಸದಲ್ಲಿದ್ದಾಗ ನಡುವೆ ಬಾಯಿ ಹಾಕಬಾರದೆಂದೂ ಕಲಿಸಿದ್ದರು. ಎರಡನ್ನೂ ನಾನು ಚೆನ್ನಾಗಿ ಕಲಿತಿದ್ದೆ.

ನನ್ನ ಗಂಡ ತಿರುಗಿದರು. ತುಂಡಿನ ಮೇಲೆ ಮೂರು ಗೆರೆ ನೋಡಿ ಅಭ್ಯಾಸದಿಂದ ಕೈ ಎದೆಗೆ ಮುಟ್ಟಿಸಿಕೊಂಡರು. ನಾನು ಅವರ ಕಣ್ಣು ಹಿಡಿಯಲು ನೋಡಿದೆ. ಕಣ್ಣಿನಿಂದಲೇ ತುಂಡನ್ನು ತೋರಿಸಿದೆ.

"ಯಾಕ, ಹೊಗಿ ಹೊಡೀತೇನು? ಆ ಕಡೆ ಸರಿ," ಎಂದರು.

ಸರಿದೆ.

"ಓದು, ಮುಂದೇನದ?"

"ತುಂಡಿಗಿ ಉರಿ ಹಿಡೀರಿ. ಕಡ್ಡಿಗಿ ಬ್ಯಾಡ," ಎಂದು ಓದಿದೆ. ನನ್ನ ದನಿ ನನಗೇ ಶಾಲೆಯ ಪ್ರಾರ್ಥನೆಯ ಹಾಗೆ ಕೇಳಿಸಿತು.

ಬೆಸುಗೆ ಬಿರುಕಿನ ಈ ಕಡೆಯಲ್ಲಿ ಚೆನ್ನಾಗಿ ಹರಿಯಿತು. ಆ ಕಡೆ, ಗೆರೆಗಳು ದಟ್ಟವಾಗಿದ್ದಲ್ಲಿ, ಕಾದ ಹೆಂಚಿನ ಮೇಲಿನ ನೀರಹನಿಯ ಹಾಗೆ ಉಂಡೆಯಾಗಿ ನಿಂತಿತು. ಅವರು ಉಕ್ಕಿನ ಮೊನೆಯಿಂದ ಕೆದಕಿದರು. ಮತ್ತೆ ಉಂಡೆಯಾಯಿತು. ಇನ್ನೊಂದು ಕಡ್ಡಿ ತೆಗೆದುಕೊಂಡು, ಮೇಲಿಂದ ದಪ್ಪಗೆ ಹಾಕಿದರು. ಆರಿದ ಮೇಲೆ ಕಾನಸು ಎಂಬ ಅರದಿಂದ ಉಜ್ಜಿ ನಯ ಮಾಡಿದರೆ ಎಲ್ಲ ಒಂದೇ ಸಮನಾಗಿ ಕಾಣಿಸಿತು. ಯಾರಿಗೂ ಬಿರುಕು ಎಲ್ಲಿತ್ತೆಂದು ಹೇಳಲಾಗುತ್ತಿರಲಿಲ್ಲ. ನನಗೆ ಹೇಳಲಾಗುತ್ತಿತ್ತು.

ಅಂದು ಅತ್ತೆಯವರು ಹುಗ್ಗಿ ಮಾಡಿದರು. ನಾದಿನಿ ಅಂಗಳದಲ್ಲಿ ಹತ್ತು ಸುತ್ತು ನಡೆದು ತೋರಿಸಿದಳು. "ಕುತಿಗಿ ಗಟ್ಟಿ ಆಗ್ಯಾನ ವೈನಿ ನನ್ನ ಗಂಡ! ಮೊದಲಿನಕಿಂತ ಚಂದ ಕಾಣಾಕತ್ತಾನ."

ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ತುಪ್ಪ ಹಾಕಿದೆ.

ಅವಳು ಹಾಜರಾದಳು. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗಿ, ಸಂಜೆ ಬಂದು, ಕೈಕಾಲು ತೊಳೆಯುವ ಮೊದಲೇ ಶಾಲೆಯ ಸುದ್ದಿ ಶುರು ಮಾಡುತ್ತಿದ್ದಳು. ಎರಡನೆಯ ತರಗತಿ ಕೊಟ್ಟಿದ್ದಾರೆ. ಮಕ್ಕಳು ಅವಳ ಚೀಲ ಹೊರಲು ಜಗಳಾಡುತ್ತವೆ. ಒಬ್ಬ ಹುಡುಗಿ, "ಬಾಯಾರ, ನಿಮ್ಮ ಕೋಲು ಮುಟ್ಟಲೇನ್ರಿ?" ಎಂದು ಕೇಳಿದಳಂತೆ. "ಮುಟ್ಟಿ ನೋಡಂದೆ ವೈನಿ. ಎಷ್ಟು ತಣ್ಣಗದ ಅಂದ್ಲು." ಅವಳ ಬೆರಳಿನ ತುದಿಯಲ್ಲಿ ಸೀಮೆಸುಣ್ಣದ ಬಿಳಿ ಇರುತ್ತಿತ್ತು. ಆ ಬಿಳಿ ನೋಡಿದಾಗೆಲ್ಲ ನನಗೆ ಬಿರುಕಿನೊಳಗೆ ಇಳಿದ ಬಿಳಿ ಗೆರೆ ನೆನಪಾಗುತ್ತಿತ್ತು. ಅವಳು ಮಲಗಿದ ಮೇಲೆ ಹಿಡಿಯನ್ನು ಒತ್ತಿ ನೋಡುತ್ತಿದ್ದೆ. ಬಿರುಕು ಕಾಣುತ್ತಿರಲಿಲ್ಲ. ಸುಮ್ಮನೆ ಹೆದರುತ್ತೀಯ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಾಳೆ ಹೇಳಿದರಾಯಿತು ಎಂದೂ ಹೇಳಿಕೊಳ್ಳುತ್ತಿದ್ದೆ. ನಾಳೆ ಅವಳು ಇನ್ನೊಂದು ಸುದ್ದಿ ತರುತ್ತಿದ್ದಳು. ಅವಳು ಅಷ್ಟು ಮಾತಾಡುವುದನ್ನು ನಾನು ಕಂಡಿರಲಿಲ್ಲ.

ಮೂರನೆಯ ವಾರದ ಶನಿವಾರ, ಮಧ್ಯಾಹ್ನವೇ, ಬಸ್ಸಿನ ಕಂಡಕ್ಟರನೂ ಗುರುತಿಲ್ಲದ ಒಬ್ಬ ಹೆಂಗಸೂ ಅವಳನ್ನು ಟಾಂಗಾದಲ್ಲಿ ಕರೆತಂದರು. ಹುಮನಾಬಾದ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಕೆಳಗಿನ ಮೆಟ್ಟಿಲಿನಿಂದ ಊರುಗೋಲು ನೆಲಕ್ಕೆ ಊರಿದ್ದಾಳೆ, ಮೈಭಾರ ಬಿಟ್ಟಿದ್ದಾಳೆ, ಹಿಡಿ ಬಿಟ್ಟುಕೊಂಡಿದೆ. ಬಲಗೈ ಮಣಿಕಟ್ಟು ಮುರಿದಿತ್ತು. ಗದ್ದ ಒಡೆದಿತ್ತು. ಸೆರಗಿನಲ್ಲಿ ಮಣ್ಣು.

ಅತ್ತೆಯವರು ಕೂಗಲಿಲ್ಲ. ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು, "ಸಾಕವ್ವಾ, ಸಾಕು," ಎನ್ನುತ್ತ ಕೂತರು.

ಅವಳನ್ನು ದವಾಖಾನೆಗೆ ಕರೆದೊಯ್ದ ಮೇಲೆ, ಕಂಡಕ್ಟರ್ ಕಟ್ಟೆಯ ಮೇಲಿಟ್ಟು ಹೋಗಿದ್ದ ಊರುಗೋಲನ್ನು ನಾನು ಎತ್ತಿಕೊಂಡೆ. ಮುರಿದ ಜಾಗದ ಅರ್ಧ ಭಾಗ ಸಕ್ಕರೆಯ ಹರಳಿನ ಹಾಗೆ ಹೊಳೆಯುತ್ತಿತ್ತು. ಅಲ್ಲಿ ಬೆಸುಗೆ ಹಿಡಿದಿತ್ತು, ಭಾರಕ್ಕೆ ಹರಿದಿತ್ತು. ಇನ್ನರ್ಧ ಮಂಕಾಗಿ, ನುಣ್ಣಗೆ, ಬೆಳ್ಳಗೆ ಇತ್ತು. ಉಗುರಿನಿಂದ ಕೆರೆದೆ. ಉಗುರಿನೊಳಗೆ ಬಿಳಿ ಬಂತು. ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡೆ.

ವಿಭೂತಿ ಇರದಿದ್ದರೂ ಅದು ಮುರಿಯುತ್ತಿತ್ತೇನೋ. ಒಬ್ಬ ಹೆಂಗಸಿನ ಭಾರವನ್ನು ದಿನಾ ಹೊರಲು ಆ ಕಡ್ಡಿಯಿಂದ ಆಗುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಬಲ್ಲವರನ್ನು ಕೇಳಿಲ್ಲ. ಕೇಳಿ, ಅವರು 'ಆಗುತ್ತಿತ್ತು' ಎಂದುಬಿಟ್ಟರೆ?

ಬಸವಕಲ್ಯಾಣಕ್ಕೆ ಹೋದಾಗ ತಾಯಿಯ ಮುಂದೆ ಮಾತ್ರ ಹೇಳಿದೆ. ಅವರು ಹೂ ಕಟ್ಟುತ್ತಿದ್ದವರು ದಾರ ಹಲ್ಲಿನಲ್ಲಿ ಕಚ್ಚಿಕೊಂಡೇ ಕೇಳಿದರು.

"ಯಾರ ಮುಂದರ ಅಂದಿಯೇನು?"

"ಇಲ್ಲ."

"ಅನಬ್ಯಾಡ. ಆ ಮುದುಕಿ ಕೇಳಿದ್ರ ಪ್ರಾಣ ಬಿಡತಾಳ. ನಿನ್ನ ಗಂಡನ ಮುಂದೂ ಅನಬ್ಯಾಡ. ಅಂವ ತಾಯಿ ಮುಂದ ಅಂತಾನ." ದಾರ ಹಲ್ಲಿನಿಂದ ತೆಗೆದು ಗಂಟು ಹಾಕಿದರು. "ಅನ್ನೋ ದಿನ ಅನ್ನಲಿಲ್ಲ. ಈಗ ಅಂದ್ರ ಕೈ ಕೂಡತದೇನವ್ವಾ?"

ಬರುವಾಗ ಮತ್ತೆ ಬಾಳೆಎಲೆಯಲ್ಲಿ ಸುತ್ತಿದ ವಿಭೂತಿ ಕೊಟ್ಟರು. ತೆಗೆದುಕೊಂಡು ಬಂದೆ.

ಶಾಲೆಗೆ ರಜೆಯ ಅರ್ಜಿ ಹೋಗಿತ್ತು. ಹಂಗಾಮಿ ನೌಕರಿಗೆ ಉದ್ದ ರಜೆ ಇಲ್ಲ, ತಿಂಗಳೊಳಗೆ ಹಾಜರಾಗದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ ಎಂದು ಹೆಡ್‌ಮಾಸ್ತರರು ಮರುಗುತ್ತಲೇ ಹೇಳಿ ಕಳಿಸಿದ್ದರು. ತಿಂಗಳಿಗೆ ಹತ್ತು ದಿನ ಉಳಿದಿತ್ತು; ಅಷ್ಟರೊಳಗೆ ಪ್ಲಾಸ್ಟರ್ ಬಿಚ್ಚುವುದಾಗಿ ದವಾಖಾನೆಯವರು ಹೇಳಿದ್ದರು. ಒಂದೂವರೆ ಕಡ್ಡಿ ಉಳಿದಿತ್ತು.

ಅತ್ತೆಯವರು ಒಂದು ಮಧ್ಯಾಹ್ನ ಓಣಿಯಲ್ಲಿ ತೊಟ್ಟಿಲ ಕಾರ್ಯಕ್ಕೆ ಹೋದರು. ನನ್ನ ಗಂಡ ಕಚೇರಿಯಲ್ಲಿದ್ದರು. ನಾನು ಇನ್ನೂ ಮರಳಿಸಿರದ ಬ್ಲೋಲ್ಯಾಂಪನ್ನು ಅಂಗಳಕ್ಕೆ ತಂದು, ಅವರು ಮಾಡಿದ ಹಾಗೆಯೇ ಪಂಪು ಹೊಡೆದು ಹಚ್ಚಿದೆ. ಅಂಥ ಕೆಲಸ ನಾನು ಹಿಂದೆಂದೂ ಮಾಡಿದವಳಲ್ಲ. ನಾದಿನಿ ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಮುರಿದ ಎರಡೂ ಮುಖಗಳನ್ನು ಉಜ್ಜಿದೆ. ಬಿಳಿಯೆಲ್ಲ ಹೋಗುವ ತನಕ, ತೋಳು ಸೋಲುವ ತನಕ ಉಜ್ಜಿದೆ.

"ಈ ಸಲ ವಿಭೂತಿ ಇಲ್ಲಲ್ಲ ವೈನಿ," ಎಂದಳು.

ನನ್ನ ಕೈ ನಿಂತಿತು.

"ನಾನೂ ಅಲ್ಲೇ ಕುಂತಿದ್ನೆಲ್ಲ. ಬೆರಳು ಮುಟ್ಟಸಬಾರದಂತ ನೀವು ಓದಿದ್ದು ಕೇಳಿದ್ದೆ."

"ಮತ್ತ ನೀನರ ಯಾಕ ಅನ್ನಲಿಲ್ಲ?"

ಅವಳು ಪ್ಲಾಸ್ಟರಿನ ಅಂಚಿನಲ್ಲಿ ಎದ್ದ ದಾರವೊಂದನ್ನು ಎಡಗೈಯಿಂದ ಎಳೆಯುತ್ತಿದ್ದಳು. "ಅವ್ವ ನಂಗೋಸ್ಕರ ಹಚ್ಚಾಕತ್ತಿದ್ಳು ವೈನಿ. ಮೂವತ್ತು ವರ್ಷ ಆಯ್ತು, ಹಚ್ಚಾಕತ್ತಾಳ. ಕಾಲಿಗೂ ದಿನಾ ಹಚ್ತಿದ್ಳು, ಗೊತ್ತದೇನು? ಬ್ಯಾಡ ಅಂತ ಹ್ಯಾಂಗ ಅನ್ನಲಿ?"

ನಾನು ತುಂಡುಗಳನ್ನು ಜೋಡಿಸಿ ತಂತಿ ಸುತ್ತಿ ಉರಿ ಹಿಡಿದೆ. ಕಡ್ಡಿ ಮುಟ್ಟಿಸಿದೆ, ಕರಗಲಿಲ್ಲ. ಇನ್ನಷ್ಟು ಕಾಯಿಸಿದೆ. ಮುಟ್ಟಿಸಿದೆ; ಸ್ವಲ್ಪ ಅಂಟಿತು.

"ವೈನಿ, ಇದು ಕೆಂಪ ಆಗಂಗಿಲ್ಲೇನು?"

"ಆಗಂಗಿಲ್ಲಂತ ಬರದಾರ."

"ಹಂಗಾದ್ರ, ಸಾಕು ಅಂತ ಹ್ಯಾಂಗ ಹೇಳ್ತದ ಅದು?"

"ಹೇಳಂಗಿಲ್ಲ," ಎಂದೆ.

ಬೆಸುಗೆ ಹರಿಯತೊಡಗಿತು. ಬಿರುಕಿನ ಈ ಕಡೆ, ಆ ಕಡೆ, ಉದ್ದಕ್ಕೂ. ನನಗೆ ಅಳು ಬರುವಷ್ಟು ಚೆನ್ನಾಗಿ ಹರಿಯಿತು. ಇನ್ನು ಸ್ವಲ್ಪ, ತಳದ ತನಕ ಹೋಗಲಿ, ಈ ಸಲ ಎಲ್ಲೂ ಕಡಿಮೆಯಾಗಬಾರದು ಎಂದು ಉರಿಯನ್ನು ಅಲ್ಲೇ ಹಿಡಿದೆ. ತುಂಡಿನ ಬಣ್ಣ ಬದಲಾಗಲಿಲ್ಲ. ಬೂದುಬಣ್ಣ, ತಣ್ಣಗಿರುವಾಗ ಇದ್ದಂತೆಯೇ. ಆಮೇಲೆ ಅದರ ಮೈಮೇಲೆ ನೀರಿನ ಮೇಲಿನ ಗಾಳಿಯಂತೆ ಒಂದು ಸುಕ್ಕು ಹಾಯಿತು. ಎರಡು ಕಿವಿಗಳೂ ಒಟ್ಟಿಗೆ ಬಾಗಿದವು. ಉರಿ ಆಚೆ ಸರಿಸುವಷ್ಟರಲ್ಲಿ ಇಡೀ ತುಂಡು ಕುಸಿದು, ತಗಡಿನ ಮೇಲೆ ಹರಿದು, ಇಟ್ಟಿಗೆಯ ಸಂದಿಯಲ್ಲಿ ನಿಂತಿತು.

ಬ್ಲೋಲ್ಯಾಂಪ್ ಭುಸುಗುಡುತ್ತಲೇ ಇತ್ತು. ಅದನ್ನು ಆರಿಸುವುದು ಹೇಗೆಂದು ನನಗೆ ಒಮ್ಮೆಗೆ ನೆನಪಾಗಲಿಲ್ಲ.

"ಗಂಡನ್ನ ಕರಗಿಸಿ ರಂಡಿ ಮಾಡಿಬಿಟ್ರಿ ನೋಡ್ರಿ ನನ್ನ," ಎಂದು ನಾದಿನಿ ನಗಲು ಶುರು ಮಾಡಿದಳು. ಆ ನಗೆ ಅರ್ಧಕ್ಕೆ ನಿಂತಿತು. ನಾನು ಹೋಗಿ ಅವಳ ಪಕ್ಕದಲ್ಲಿ ಕೂತೆ. ಅವಳ ಎಡಗೈ ನನ್ನ ತೊಡೆಯ ಮೇಲಿತ್ತು. ಅತ್ತೆಯವರ ಚಪ್ಪಲಿಯ ಸದ್ದು ಬಾಗಿಲಲ್ಲಿ ಕೇಳುವ ತನಕ ಹಾಗೇ ಕೂತಿದ್ದೆವು.

ಹೈದರಾಬಾದಿನಿಂದ ಹೊಸ ಊರುಗೋಲು ಬಂದಾಗ ದೀಪಾವಳಿ ಕಳೆದಿತ್ತು. ದುಬಲಗುಂಡಿಗೆ ಬೇರೆ ಶಿಕ್ಷಕಿ ಬಂದು ಎಷ್ಟೋ ದಿನಗಳಾಗಿದ್ದವು. ಮತ್ತೆ ಅರ್ಜಿ ಹಾಕು ಎಂದು ಅವಳ ಅಣ್ಣ ಹೇಳಿದರು, ನಾನೂ ಹೇಳಿದೆ. ಅವಳು ಕಾಗದ ತರಿಸಿಕೊಂಡಳು, ತುಂಬಲಿಲ್ಲ. ಪಡಸಾಲೆಯಲ್ಲಿ ಓಣಿಯ ಮಕ್ಕಳನ್ನು ಕೂರಿಸಿಕೊಂಡು ಮಗ್ಗಿ ಹೇಳಿಕೊಡತೊಡಗಿದಳು. ಚೆನ್ನಾಗಿ ಹೇಳಿಕೊಡುತ್ತಾಳೆಂದು ಹೆಸರಾಯಿತು. ಬಸ್ಸಿನ ಮೆಟ್ಟಿಲು ಮಾತ್ರ ಅವಳು ಮತ್ತೆ ಒಬ್ಬಳೇ ಹತ್ತಲಿಲ್ಲ. ಊರುಗೋಲಿಗೆ 'ನನ್ನ ಗಂಡ' ಎನ್ನುವುದನ್ನೂ ಬಿಟ್ಟಳು. ಎಂದಿನಿಂದ ಬಿಟ್ಟಳೆಂದು ನಾನು ಗಮನಿಸಿರಲಿಲ್ಲ. ಸಣ್ಣಪುಟ್ಟದ್ದನ್ನೆಲ್ಲ ಗಮನಿಸುವ ನಾನು.

ಎಂಬತ್ತರ ದಶಕದಲ್ಲಿ ಅತ್ತೆಯವರು ಹಾಸಿಗೆ ಹಿಡಿದರು. ನೋಡಲು ಬಂದವರ ಮುಂದೆಲ್ಲ ಹಳೆಯ ಮಾತುಗಳು. ಅವುಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತಿತ್ತು. ಕೊನೆಯ ಸಲ ಅದನ್ನು ಕೇಳಿದ್ದು ನನ್ನ ತಾಯಿ ಕಲ್ಯಾಣದಿಂದ ಬಂದಿದ್ದ ದಿನ. ತಾಯಿ ಅವರ ಮಂಚದ ಪಕ್ಕದಲ್ಲಿ ಕೂತಿದ್ದರು. ನಾನು ಚಮಚೆಯಿಂದ ಗಂಜಿ ಕುಡಿಸುತ್ತಿದ್ದೆ. ಹೊರಗೆ ಪಡಸಾಲೆಯಲ್ಲಿ ನಾದಿನಿ ಮಕ್ಕಳಿಗೆ ಏಳರ ಮಗ್ಗಿ ಹೇಳಿಸುತ್ತಿದ್ದಳು.

"ನಿಮ್ಮ ಕಲ್ಯಾಣದ ವಿಭೂತಿ ಶಕ್ತಿ ಏನಂತ ಕೇಳ್ರಿ ಬೀಗತೇರ," ಎಂದರು ಅತ್ತೆಯವರು. "ಆ ಕೋಲಿಗಿ ನಾ ಅವತ್ತು ನನ್ನ ಕೈಯ್ಯಾರ ಹಚ್ಚಿದ್ನೆ. ಅದಕ್ಕ ಬರೇ ಕೈ ಮುರೀತು. ಇಲ್ಲಂದ್ರ ಆ ಬಸ್ಸಿನ ಗಾಲಿ ಕೆಳಗ ಹೋಗ್ತಿತ್ತು ನನ್ನ ಕೂಸು. ಬೇಕಾದ್ರ ನಿಮ್ಮ ಮಗಳ್ನ ಕೇಳ್ರಿ. ಅಕಿ ಬಾಜೂಕ ನಿಂತಿದ್ಳು. ಇಂಗ್ಲಿಷ್ ಓದಿದಾಕಿ, ಸುಳ್ಳು ಆಡಂಗಿಲ್ಲ." ನನ್ನ ಕಡೆ ತಿರುಗಿದರು. ಕಣ್ಣುಗಳಿಗೆ ಪೊರೆ ಬಂದಿತ್ತು, ಆದರೂ ಅವು ನನ್ನ ಮುಖವನ್ನೇ ಹುಡುಕುತ್ತಿದ್ದವು. "ಹೌದಿಲ್ಲೋ ಹೇಳವ್ವಾ?"

ತಾಯಿ ಸೆರಗಿನ ಅಂಚು ನೋಡುತ್ತಿದ್ದರು. ಹೊರಗೆ ಮಗ್ಗಿ ನಿಂತಿತ್ತು.

ಚಮಚೆ ನನ್ನ ಕೈಯಲ್ಲಿತ್ತು. ಗಂಜಿಯ ಒಂದು ಹನಿ ಅವರ ಗದ್ದದ ಮೇಲೆ ಇಳಿಯುತ್ತಿತ್ತು. ಅದನ್ನು ಸೆರಗಿನಿಂದ ಒರೆಸಿದೆ.

"ಹೌದ್ರಿ ಅತ್ತಿ," ಎಂದೆ.

ಹೊರಗೆ ನಾದಿನಿ ಮಗ್ಗಿಯನ್ನು ಮತ್ತೆ ಮೊದಲಿನಿಂದ ಶುರು ಮಾಡಿಸಿದಳು.